ಗಾಲ್ಫ್ ಹೊಡೆತ: ತೋಳಿನ ಬಲವೋ, ಮೈಯ ಲಯವೋ?

2021ರ ಆಗಸ್ಟ್ 7, ಶನಿವಾರ. ಟೋಕಿಯೋ ಒಲಿಂಪಿಕ್ಸಿನ ಮಹಿಳಾ ಗಾಲ್ಫ್ ಸ್ಪರ್ಧೆಯ ಕೊನೆಯ ದಿನ. ಗಾಲ್ಫ್ ಮೈದಾನವನ್ನು ಕಣ್ಣಿನಿಂದ ನೋಡಿರದ ಎಷ್ಟೋ ಮನೆಗಳಲ್ಲಿ ಅಂದು ಬೆಳಗಿನಿಂದಲೇ ಟೀವಿ ಹಾಕಿಕೊಂಡು ಕುಳಿತಿದ್ದರು. ಬೆಂಗಳೂರಿನ 23 ವರ್ಷದ ಅದಿತಿ ಅಶೋಕ್ ಮೂರು ದಿನಗಳ ಆಟದ ನಂತರ ಎರಡನೆಯ ಸ್ಥಾನದಲ್ಲಿದ್ದರು. ಕೊನೆಗೆ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ಕೈತಪ್ಪಿ, ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು.

ಆಟ ನೋಡಿದವರಿಗೆ ಒಂದು ವಿಷಯ ಎದ್ದು ಕಾಣುತ್ತಿತ್ತು. ಜೊತೆಯ ಆಟಗಾರ್ತಿಯರ ಮೊದಲ ಹೊಡೆತ ದೂರ ಹೋಗಿ ಬೀಳುತ್ತಿದ್ದರೆ ಅದಿತಿಯವರ ಚೆಂಡು ಎಷ್ಟೋ ಹಿಂದೆಯೇ ನಿಲ್ಲುತ್ತಿತ್ತು. ಅದೇ ವರ್ಷ ಕೋವಿಡ್ ಬಂದು ಮೈಯ ಶಕ್ತಿ ಕುಗ್ಗಿತ್ತೆಂದು ಅವರೇ ಹೇಳಿಕೊಂಡಿದ್ದರು. ಹಿಂದೆ ಬಿದ್ದ ದೂರವನ್ನು ಅವರು ತುಂಬಿಕೊಂಡದ್ದು ಗುರಿಯಿಂದ, ಕುಳಿಯ ಹತ್ತಿರದ ನಾಜೂಕಿನ ಹೊಡೆತಗಳಿಂದ.

ಅಂದಿನಿಂದ ಗಾಲ್ಫ್ ಕಲಿಯುವ ಆಸೆ ಹಲವು ಮಕ್ಕಳಲ್ಲಿ ಹುಟ್ಟಿದೆ. ಜೊತೆಗೆ ಎರಡು ಪ್ರಶ್ನೆಗಳೂ ಹುಟ್ಟಿವೆ. ಚೆಂಡು ದೂರ ಹೋಗಲು ನಿಜವಾಗಿ ಬೇಕಾದದ್ದೇನು? ಅದಕ್ಕಾಗಿ ಬೆಳೆಯುವ ಮಕ್ಕಳ ಮೈಯನ್ನು ಎಷ್ಟರ ಮಟ್ಟಿಗೆ ದಂಡಿಸಬಹುದು? ಮೊದಲನೆಯದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಅದು ಸರಿಯಾಗಿ ತಿಳಿದರೆ ಎರಡನೆಯದಕ್ಕೂ ಉತ್ತರ ಸಿಗುತ್ತದೆ.

ಕಣ್ಣು ಮಿಟುಕಿಸುವ ಮೊದಲೇ

ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಇದನ್ನು ಹೊಡೆಯುವ ಕೋಲಿಗೆ ಕ್ಲಬ್ ಎನ್ನುತ್ತಾರೆ. ದೂರದ ಹೊಡೆತಕ್ಕೆ ಬಳಸುವ ಡ್ರೈವರ್ ಎಂಬ ಕ್ಲಬ್ಬಿನ ತಲೆ ಸುಮಾರು 200 ಗ್ರಾಂ ತೂಗುತ್ತದೆ. ವೃತ್ತಿಪರ ಆಟಗಾರ್ತಿಯರು ಅದನ್ನು ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ಬೀಸುತ್ತಾರೆ. ಚೆಂಡು ಅದರ ಒಂದೂವರೆ ಪಟ್ಟು, ಅಂದರೆ ಗಂಟೆಗೆ ಸುಮಾರು 225 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ.

ಕ್ಲಬ್ಬಿಗೂ ಚೆಂಡಿಗೂ ಸ್ಪರ್ಶವಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಸಂವೇಗದ ಬದಲಾವಣೆಯನ್ನು ಕಾಲದಿಂದ ಭಾಗಿಸಿದರೆ ಬಲ ಸಿಗುತ್ತದೆಂದು ಪ್ರೌಢಶಾಲೆಯಲ್ಲೇ ಕಲಿಸುತ್ತಾರೆ. ಲೆಕ್ಕ ಹಾಕಿದರೆ ಚೆಂಡಿನ ಮೇಲೆ ಬೀಳುವ ಸರಾಸರಿ ಬಲ 5,700 ನ್ಯೂಟನ್ ಆಗುತ್ತದೆ. ಇದು ಸುಮಾರು 580 ಕಿಲೋ ತೂಕಕ್ಕೆ ಸಮ! ಇಷ್ಟು ಬಲವನ್ನು ಯಾರ ತೋಳೂ ನೇರವಾಗಿ ಕೊಡಲಾರದು. ಅದನ್ನು ಕೊಡುವುದು ವೇಗವಾಗಿ ಬಂದ ಕ್ಲಬ್ಬಿನ ತಲೆ.

ಹಾಗಾದರೆ ಭಾರವಾದ ಕ್ಲಬ್ ಹಿಡಿದರಾಯಿತಲ್ಲವೇ? ಆಗದು. ತಲೆಯ ತೂಕ ಇಮ್ಮಡಿಯಾಗಿ ಬೀಸಿನ ವೇಗ ಮೊದಲಿನಷ್ಟೇ ಉಳಿದರೂ ಚೆಂಡಿನ ವೇಗ ಹೆಚ್ಚುವುದು ಶೇಕಡಾ 10ರಷ್ಟು ಮಾತ್ರ. ಆದರೆ ಇಮ್ಮಡಿ ತೂಕವನ್ನು ಅದೇ ವೇಗದಲ್ಲಿ ಬೀಸುವುದು ಸಾಧ್ಯವಿಲ್ಲ. ಆದ್ದರಿಂದ ಎಲ್ಲವೂ ನಿಂತಿರುವುದು ಬೀಸಿನ ವೇಗದ ಮೇಲೆ.

ಚಾಟಿಯ ಪಾಠ

ಆ ವೇಗ ಎಲ್ಲಿಂದ ಬರುತ್ತದೆ? ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು, ಜಾತ್ರೆಯಲ್ಲಿ ಚಾಟಿ ಬೀಸುವವರನ್ನು ನೆನಪಿಸಿಕೊಳ್ಳಬೇಕು. ಚಾಟಿಯ ಹಿಡಿಯನ್ನು ಕೈ ಎಳೆದು ನಿಲ್ಲಿಸುತ್ತದೆ. ಚಲನೆ ಹಿಡಿಯಿಂದ ತುದಿಯ ಕಡೆಗೆ ಸಾಗುತ್ತದೆ. ಸಾಗಿದಷ್ಟೂ ಚಲಿಸುವ ಭಾಗ ಹಗುರವಾಗುತ್ತ ವೇಗ ಏರುತ್ತದೆ. ಕೊನೆಗೆ ತುದಿ ಚಟಾರೆಂದು ಸದ್ದು ಮಾಡುವಾಗ ಕೈ ಹೆಚ್ಚುಕಡಿಮೆ ನಿಂತೇ ಇರುತ್ತದೆ.

ಗಾಲ್ಫ್ ಹೊಡೆತವೂ ಹೀಗೆಯೇ. ಬ್ರಿಟನ್ನಿನಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಿಂಗನ್ನು ಒಂದಕ್ಕೊಂದು ಜೋಡಿಸಿದ ಎರಡು ಲೋಲಕಗಳಂತೆ ವಿವರಿಸಿದರು. ಮೊದಲನೆಯ ಲೋಲಕ ಭುಜದಿಂದ ತೂಗುವ ತೋಳು. ಎರಡನೆಯದು ಮಣಿಕಟ್ಟಿನಿಂದ ತೂಗುವ ಕ್ಲಬ್. ಮಣಿಕಟ್ಟು ಅವೆರಡರ ನಡುವಿನ ಕೀಲು.

ನುರಿತ ಆಟಗಾರರು ಕ್ಲಬ್ಬನ್ನು ಹಿಂದಕ್ಕೆ ಎತ್ತಲು ಸುಮಾರು ಮುಕ್ಕಾಲು ಸೆಕೆಂಡು ತೆಗೆದುಕೊಂಡರೆ, ಕೆಳಗಿಳಿಸಿ ಹೊಡೆಯಲು ಕಾಲು ಸೆಕೆಂಡು ಸಾಕು. ಆ ಕಾಲು ಸೆಕೆಂಡಿನಲ್ಲಿ ಒಂದು ಕ್ರಮವಿದೆ. ಬಲಗೈ ಆಟಗಾರರಾದರೆ ಮೊದಲು ಮೈಭಾರ ಎಡಗಾಲಿನ ಕಡೆಗೆ ಸರಿಯುತ್ತದೆ. ಪಾದ ನೆಲವನ್ನು ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ಮರಳಿ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕೆಲಸ ಮಾಡುತ್ತಿದೆ. ಆ ಬಲದಿಂದ ಸೊಂಟ ತಿರುಗುತ್ತದೆ. ಸೊಂಟದ ಹಿಂದೆ ಎದೆ ಮತ್ತು ಭುಜ, ಭುಜದ ಹಿಂದೆ ತೋಳು, ಎಲ್ಲಕ್ಕಿಂತ ಕೊನೆಗೆ ಕ್ಲಬ್. ಒಂದೊಂದು ಭಾಗವೂ ತನ್ನ ಗರಿಷ್ಠ ವೇಗ ಮುಟ್ಟಿ ನಿಧಾನವಾಗುತ್ತ ತನ್ನ ಚಲನೆಯನ್ನು ಮುಂದಿನದಕ್ಕೆ ದಾಟಿಸುತ್ತದೆ. ಕ್ರಿಕೆಟ್ಟಿನ ವೇಗದ ಬೌಲಿಂಗ್, ಜಾವೆಲಿನ್ ಎಸೆತ, ಬ್ಯಾಡ್ಮಿಂಟನ್ನಿನ ಸ್ಮ್ಯಾಷ್ ಎಲ್ಲದರಲ್ಲೂ ಇದೇ ಕ್ರಮವಿದೆ.

ಎಡವುವುದು ಎಲ್ಲಿ?

ಹೊಸಬರ ಸಾಮಾನ್ಯ ತಪ್ಪು ಆತುರ. ಜೋರಾಗಿ ಹೊಡೆಯಬೇಕೆಂಬ ಹಂಬಲದಲ್ಲಿ ಮೇಲಿನಿಂದಲೇ ತೋಳು ಮುಂದಾಗುತ್ತದೆ, ಮಣಿಕಟ್ಟು ಬೇಗ ಬಿಚ್ಚಿಕೊಳ್ಳುತ್ತದೆ. ಕ್ಲಬ್ಬಿನ ವೇಗ ಚೆಂಡಿಗೆ ಮುಟ್ಟುವ ಮೊದಲೇ ಖರ್ಚಾಗಿಬಿಡುತ್ತದೆ. ಹೆಚ್ಚು ಬಲ ಹಾಕಿದವರ ಚೆಂಡು ಕಡಿಮೆ ದೂರ ಹೋಗುವ ವಿಚಿತ್ರಕ್ಕೆ ಇದೇ ಕಾರಣ.

ಈ ತಪ್ಪನ್ನು ಕಿವಿಯಿಂದಲೇ ಕಂಡುಹಿಡಿಯಬಹುದು. ಕ್ಲಬ್ಬನ್ನು ತಲೆಕೆಳಗಾಗಿ ಹಿಡಿದು, ಚೆಂಡಿಲ್ಲದೆ, ಬಯಲಿನಲ್ಲಿ ಬೀಸಬೇಕು. ಕ್ಲಬ್ ಇಲ್ಲದವರಿಗೆ ಉದ್ದನೆಯ ತೆಳು ಬೆತ್ತವೂ ಆದೀತು. ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡರೆ ಸರಿ. ಬೀಸಿದಾಗ ಸುಂಯ್ ಎಂಬ ಸದ್ದು ಬರುತ್ತದೆ. ಆ ಸದ್ದು ಬಲಭುಜದ ಹತ್ತಿರ ಜೋರಾಗಿದ್ದರೆ ಮಣಿಕಟ್ಟು ಬೇಗ ಬಿಚ್ಚಿದೆ ಎಂದರ್ಥ. ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಅದನ್ನು ದಾಟಿದ ಮೇಲೆ ಜೋರಾಗಿದ್ದರೆ ಕ್ರಮ ಸರಿಯಾಗಿದೆ.

ಎರಡನೆಯ ಅಭ್ಯಾಸ ಸಮತೋಲನದ್ದು. ಎರಡೂ ಪಾದ ಜೋಡಿಸಿ ನಿಂತು ಅರ್ಧ ಬೀಸಿನಲ್ಲಿ ಚೆಂಡನ್ನು ಹೊಡೆಯುವುದು. ತೋಳಿನಿಂದ ಎಳೆದು ಹೊಡೆದರೆ ಕೂಡಲೇ ಕಾಲು ತಪ್ಪುತ್ತದೆ. ಮೈ ಒಟ್ಟಾಗಿ ತಿರುಗಿದರೆ ಮಾತ್ರ ನಿಂತಲ್ಲೇ ನಿಲ್ಲಬಹುದು. ಇನ್ನು ಹಿಡಿತ. ಗಟ್ಟಿಯಾಗಿ ಹಿಡಿದರೆ ಮುಂಗೈ ಬಿಗಿದು ಮಣಿಕಟ್ಟು ಕೀಲಿನಂತೆ ಆಡುವುದಿಲ್ಲ. ಕ್ಲಬ್ ಜಾರದಿರುವಷ್ಟು ಹಿಡಿತ ಸಾಕು.

ದೂರದಷ್ಟೇ ಮುಖ್ಯವಾದದ್ದು ದಿಕ್ಕು. ಸ್ಪರ್ಶದ ಕ್ಷಣದಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತದೆಯೋ ಚೆಂಡು ಹೆಚ್ಚುಪಾಲು ಅತ್ತಲೇ ಹೊರಡುತ್ತದೆ. ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ವಾಲಿದರೂ 200 ಮೀಟರ್ ದೂರದಲ್ಲಿ ಅದು ಮೂರೂವರೆ ಮೀಟರ್ ಪಕ್ಕಕ್ಕೆ ಬೀಳುತ್ತದೆ. ತ್ರಿಕೋನಮಿತಿ ಕಲಿತ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಮುಖ ಒಂದು ಕಡೆ ನೋಡುತ್ತ, ಬೀಸು ಇನ್ನೊಂದು ಕಡೆಗೆ ಸಾಗಿದರೆ ಚೆಂಡು ಓರೆಯಾಗಿ ಗಿರಗಿರನೆ ತಿರುಗಿ ಗಾಳಿಯಲ್ಲಿ ಬಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ರೀತಿ ಬೀಸುವ ಶಕ್ತಿ ಬೇಕು. ಮೈಯ ಕಸರತ್ತು ಬೇಕಾಗುವುದು ಇಲ್ಲಿಯೇ.

ಎಂಥ ಕಸರತ್ತು?

ಗಾಲ್ಫ್ ಆಟಗಾರರಿಗೆ ವ್ಯಾಯಾಮ ಬೇಡ ಎಂಬ ನಂಬಿಕೆ ಬಹಳ ಕಾಲ ಇತ್ತು. ಅದನ್ನು ಮುರಿದವರಲ್ಲಿ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ಪ್ರಮುಖರು. ಎತ್ತರದಲ್ಲಿ ಸಾಧಾರಣ ಆಳು. ಆದರೂ ಕಟ್ಟುನಿಟ್ಟಾದ ವ್ಯಾಯಾಮದಿಂದ ಮೈ ಹುರಿಗಟ್ಟಿಸಿಕೊಂಡು ಒಂಬತ್ತು ಪ್ರಮುಖ ಪ್ರಶಸ್ತಿಗಳನ್ನು ಗೆದ್ದರು. 1965ರ ವೇಳೆಗೆ ನಾಲ್ಕೂ ಬಗೆಯ ಪ್ರಮುಖ ಪ್ರಶಸ್ತಿಗಳು ಅವರ ಕೈಸೇರಿದ್ದವು.

18 ಕುಳಿಗಳ ಒಂದು ಸುತ್ತು ಮುಗಿಸಲು ಏಳೆಂಟು ಕಿಲೋಮೀಟರ್ ನಡೆಯಬೇಕಾಗುತ್ತದೆ. ಸುಸ್ತಾದ ಕಾಲು ಕೊನೆಯ ಕುಳಿಗಳಲ್ಲಿ ನೆಲವನ್ನು ಸರಿಯಾಗಿ ಒತ್ತುವುದಿಲ್ಲ. ಆದ್ದರಿಂದ ಮೊದಲ ಕಸರತ್ತು ಬಿರುಸಿನ ನಡಿಗೆ. ಎರಡನೆಯದು ಬಸ್ಕಿ; ತೊಡೆ ಮತ್ತು ಪೃಷ್ಠದ ಸ್ನಾಯುಗಳು ಬಲಗೊಳ್ಳುವುದು ಅದರಿಂದ. ಮೂರನೆಯದು ಒಂಟಿಕಾಲಿನ ಮೇಲೆ ನಿಲ್ಲುವ ವೃಕ್ಷಾಸನ, ಸಮತೋಲನಕ್ಕಾಗಿ. ನಾಲ್ಕನೆಯದು ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು, ಹೊಟ್ಟೆ ಮತ್ತು ನಡುವಿನ ಬಿಗಿಗಾಗಿ.

ಮೈ ಎಷ್ಟು ತಿರುಗುತ್ತದೆಂದು ಮನೆಯಲ್ಲೇ ಪರೀಕ್ಷಿಸಬಹುದು. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಮೊಣಕಾಲುಗಳ ನಡುವೆ ಒಂದು ಪುಸ್ತಕ ಸಿಕ್ಕಿಸಿ, ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಳ್ಳಬೇಕು. ಪುಸ್ತಕ ಬೀಳದಂತೆ ಎದೆಯನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಿರುಗಿಸಲು ಬಂದರೆ ಒಳ್ಳೆಯದು. ಬಾರದಿದ್ದರೆ ಇದನ್ನೇ ನಿಧಾನವಾಗಿ ಅಭ್ಯಾಸ ಮಾಡಬಹುದು. ಹೊಡೆತಕ್ಕೆ ಮುಂಚೆ ಹತ್ತು ನಿಮಿಷ ನಡೆದು, ತೋಳು ಸೊಂಟ ಆಡಿಸಿ, ಸಣ್ಣ ಬೀಸಿನಿಂದ ಆರಂಭಿಸುವುದನ್ನು ಎಂದೂ ತಪ್ಪಿಸಬಾರದು.

ಬೆನ್ನಿನ ಸಾಲ

ಈಗ ಎರಡನೆಯ ಪ್ರಶ್ನೆ. ಕ್ಲಬ್ ಹಿಂದಕ್ಕೆ ಎತ್ತಿದಾಗ ಭುಜ ಸುಮಾರು 90 ಡಿಗ್ರಿ ತಿರುಗುತ್ತದೆ. ಅದರಲ್ಲಿ ಅರ್ಧದಷ್ಟು ತೊಡೆಸಂದಿನ ಕೀಲುಗಳಿಂದ ಬರುತ್ತದೆ, ಉಳಿದದ್ದು ಬೆನ್ನೆಲುಬಿನಿಂದ. ಎದೆಯ ಭಾಗದ 12 ಕಶೇರುಕಗಳು ತಿರುಗಲು ತಕ್ಕ ರಚನೆ ಪಡೆದಿವೆ. ಕೆಳಬೆನ್ನಿನ ಐದು ಕಶೇರುಕಗಳು ಹಾಗಲ್ಲ. ಅವು ಬಾಗಲು ತಕ್ಕವು. ಐದೂ ಸೇರಿ ಒಂದು ಕಡೆಗೆ ತಿರುಗುವುದು ಹತ್ತು ಹದಿನೈದು ಡಿಗ್ರಿ ಮಾತ್ರ. ತೊಡೆಸಂದು ಬಿಗಿದು, ಎದೆಯ ಭಾಗ ಗಡುಸಾಗಿದ್ದರೆ ಕೊರತೆಯನ್ನು ಈ ಐದು ಮೂಳೆಗಳೇ ತುಂಬಿಕೊಡಬೇಕಾಗುತ್ತದೆ. ಅದು ಸಾಲ ತಂದಂತೆ. ಒಂದು ದಿನ ಬಡ್ಡಿ ಸಮೇತ ತೀರಿಸಬೇಕು. ಗಾಲ್ಫ್ ಆಟಗಾರರಲ್ಲಿ ಕೆಳಬೆನ್ನಿನ ನೋವು ಅತಿ ಸಾಮಾನ್ಯವಾಗಿರುವುದು ಇದರಿಂದಲೇ.

ಟೈಗರ್ ವುಡ್ಸ್ ಮಗುವಾಗಿದ್ದಾಗಲೇ ಕ್ಲಬ್ ಹಿಡಿದವರು. ಮೈಕಟ್ಟಿಗೂ ಬಿರುಸಿನ ಹೊಡೆತಕ್ಕೂ ಹೆಸರಾದವರು. ಅವರಿಗೆ ಬೆನ್ನಿನ ಶಸ್ತ್ರಚಿಕಿತ್ಸೆ ಮತ್ತೆ ಮತ್ತೆ ಬೇಕಾಯಿತು. 2017ರ ಏಪ್ರಿಲ್‌ನಲ್ಲಿ ಕೆಳಬೆನ್ನಿನ ಕಶೇರುಕಗಳನ್ನು ಒಂದಕ್ಕೊಂದು ಬೆಸೆಯಬೇಕಾಯಿತು. 2019ರಲ್ಲಿ ಮತ್ತೆ ಮಾಸ್ಟರ್ಸ್ ಪ್ರಶಸ್ತಿ ಗೆದ್ದು ಬೆರಗುಗೊಳಿಸಿದರೂ ಬೆನ್ನು ಮೊದಲಿನಂತಾಗಲಿಲ್ಲ. ಇನ್ನೊಂದು ಉದಾಹರಣೆ ಅಮೆರಿಕದ ಬ್ರೈಸನ್ ಡಿಶಾಂಬೋ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಇವರು 2020ರಲ್ಲಿ ಮೈತೂಕ ಬಹಳ ಹೆಚ್ಚಿಸಿಕೊಂಡು, ಹೊಡೆತದ ದೂರ ಬೆಳೆಸಿ, ಅದೇ ಸೆಪ್ಟೆಂಬರಿನಲ್ಲಿ ಯು.ಎಸ್. ಓಪನ್ ಗೆದ್ದರು. ಮುಂದೆ ಆ ತೂಕವನ್ನು ಇಳಿಸಿಕೊಂಡರು. 2024ರಲ್ಲಿ ಅದೇ ಪ್ರಶಸ್ತಿ ಮತ್ತೆ ಅವರದಾಯಿತು.

ಬೆಳೆದ, ನುರಿತ, ಸುತ್ತಲೂ ವೈದ್ಯರು ತರಬೇತುದಾರರು ಇರುವ ಮೈಗೇ ಹೀಗಾದರೆ ಹನ್ನೆರಡರ ಮಕ್ಕಳ ಪಾಡೇನು? ಬೆಳೆಯುವ ವಯಸ್ಸಿನಲ್ಲಿ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಒಂದೇ ಕಡೆಗೆ ರಭಸದಿಂದ ನೂರಾರು ಸಲ ತಿರುಚಿದರೆ ಕೆಳಬೆನ್ನಿನ ಕಶೇರುಕದಲ್ಲಿ ಕೂದಲೆಳೆಯಂಥ ಬಿರುಕು ಬೀಳಬಹುದು. ಕ್ರಿಕೆಟ್ಟಿನ ಎಳೆಯ ವೇಗದ ಬೌಲರುಗಳಲ್ಲೂ ಇದು ಕಂಡುಬರುತ್ತದೆ. ಬೆನ್ನು ಹಿಂದಕ್ಕೆ ಬಾಗಿಸಿದಾಗ ನೋವು, ಆಡಿದ ಮೇಲೆ ಹೆಚ್ಚುವ ನೋವು, ಎರಡು ವಾರ ಕಳೆದರೂ ಹೋಗದ ನೋವು ಇವುಗಳನ್ನು ಸೋಮಾರಿತನದ ನೆಪವೆಂದು ತಳ್ಳಿಹಾಕದೆ ಮೂಳೆ ವೈದ್ಯರಿಗೆ ತೋರಿಸಬೇಕು.

ಪೋಷಕರು ಪಾಲಿಸಬಹುದಾದ ಕ್ರಮ ಕಷ್ಟದ್ದೇನಲ್ಲ. ವಾರದಲ್ಲಿ ಒಂದೆರಡು ದಿನ ಕ್ಲಬ್ ಮುಟ್ಟದಿರುವುದು. ಒಂದೇ ಆಟಕ್ಕೆ ಕಟ್ಟಿಹಾಕದೆ ಈಜು, ಓಟ, ಕಬಡ್ಡಿ, ಚಿನ್ನಿದಾಂಡು ಎಲ್ಲವನ್ನೂ ಆಡಗೊಡುವುದು. ದೊಡ್ಡವರ ಉದ್ದನೆಯ ಕ್ಲಬ್ಬನ್ನು ಮಕ್ಕಳ ಕೈಗೆ ಕೊಡದಿರುವುದು. ಎದೆಯೆತ್ತರದ ಮಗು ಆಳೆತ್ತರದವರ ಕ್ಲಬ್ ಬೀಸಲು ಬೆನ್ನನ್ನೇ ವಕ್ರವಾಗಿಸಬೇಕಾಗುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಅರ್ಧದಷ್ಟನ್ನಾದರೂ ಕುಳಿಯ ಸುತ್ತಲಿನ ಆಟಕ್ಕೆ ಮೀಸಲಿಡುವುದು.

ಕೊನೆಯ ಮಾತಿಗೆ ಲೆಕ್ಕದ ಆಧಾರವೂ ಇದೆ. ಸಾಮಾನ್ಯವಾಗಿ 18 ಕುಳಿಗಳಿಗೆ ನಿಗದಿಯಾದ ಹೊಡೆತಗಳು 72. ಅದರಲ್ಲಿ ಕುಳಿಗೆ ಎರಡರಂತೆ 36 ಹೊಡೆತಗಳು ಹಸಿರು ಹಾಸಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವುದಕ್ಕೆಂದು ಎಣಿಕೆ. ಅಲ್ಲಿ ಬೆನ್ನು ತಿರುಚುವ ಪ್ರಶ್ನೆಯೇ ಇಲ್ಲ. ಬೇಕಾದದ್ದು ಕಣ್ಣು, ಅಂದಾಜು, ತಾಳ್ಮೆ. ಹತ್ತು ವರ್ಷದ ಮಗು ಅದರಲ್ಲಿ ಅಪ್ಪನನ್ನು ಸೋಲಿಸಬಹುದು.

ಅದಿತಿ ಅಶೋಕ್ ಟೋಕಿಯೋದಲ್ಲಿ ತೋರಿಸಿದ್ದೂ ಇದನ್ನೇ. ಆಮೇಲೆ ಅವರು ಹೊಡೆತದ ದೂರ ಹೆಚ್ಚಿಸಿಕೊಳ್ಳುವ ಕಡೆಗೂ ಗಮನ ಕೊಟ್ಟರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಆ ಕೂಟದ ಗಾಲ್ಫ್‌ನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಐದರ ವಯಸ್ಸಿನಲ್ಲಿ ಬೆಂಗಳೂರಿನ ಮೈದಾನದಲ್ಲಿ ಕ್ಲಬ್ ಹಿಡಿದ ಹುಡುಗಿಗೆ ಆ ಪದಕ ಬಂದದ್ದು 25ರಲ್ಲಿ. ಆಕೆ ಮೊದಲು ಕಲಿತದ್ದು ಚೆಂಡನ್ನು ಕುಳಿಗೆ ಸೇರಿಸುವುದನ್ನು. ದೂರ ಕಳಿಸುವುದು ಮೈ ಬಲಿತ ಮೇಲೆ ಬಂತು. ಮಕ್ಕಳ ಕೈಗೆ ಕ್ಲಬ್ ಕೊಡುವ ತಂದೆತಾಯಿಗಳು ಈ ವರಸೆಯನ್ನು ತಲೆಕೆಳಗು ಮಾಡದಿದ್ದರೆ ಸಾಕು.