ಆಪತ್ತಿಗಾದವನೇ ನೆಂಟ

‘ಆಪತ್ತಿಗಾದವನೇ ನೆಂಟ’ ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಮಾತು. ಮದುವೆಯ ಚಪ್ಪರಕ್ಕೆ ಬರುವ ನೆಂಟರು ನೂರಾರು ಮಂದಿ. ನಡುರಾತ್ರಿಯ ಸಂಕಟಕ್ಕೆ ಒದಗುವವರು ಒಬ್ಬರೋ ಇಬ್ಬರೋ. ಪುತ್ತೂರು, ಸುಳ್ಯ, ಕಡಬಗಳಂತಹ ಸಣ್ಣ ಊರುಗಳಲ್ಲಿ ಇಂದು ಆ ನಡುರಾತ್ರಿಯ ನೆಂಟನಾಗಿ ಬರುವವನು ಆಂಬುಲೆನ್ಸಿನಲ್ಲಿ ರೋಗಿಯ ಮಗ್ಗುಲಲ್ಲಿ ಕುಳಿತಿರುವ ತುರ್ತುಚಿಕಿತ್ಸಾ ಸಿಬ್ಬಂದಿ. ಆತ ವೈದ್ಯನಲ್ಲ, ಆದರೆ ವೈದ್ಯನ ಬಳಿ ಸೇರುವ ತನಕ ರೋಗಿಯ ಪ್ರಾಣ ಆತನ ಕೈಯಲ್ಲಿರುತ್ತದೆ. ಆತನ ಸೇವೆಯನ್ನು ನಾವು ಮನಸಾರೆ ಹೊಗಳುತ್ತೇವೆ. ಹೊಗಳಿಕೆಯಿಂದ ನಮ್ಮ ಋಣ ತೀರುವುದೇ ಎಂಬುದು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಪಶ್ಚಿಮ ಘಟ್ಟದ ಮಡಿಲಲ್ಲಿರುವ ಈ ಸೀಮೆಯ ನೆಲವನ್ನು ಬಲ್ಲವರಿಗೆ ಆತನ ಕಷ್ಟ ಬೇಗ ತಿಳಿಯುತ್ತದೆ. ಇಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದೊಂದು ಅಡಿಕೆ ತೋಟದ ನಡುವೆ ಒಂದೊಂದು ಮನೆ. ರಸ್ತೆಯಿಂದ ಅಂಗಳಕ್ಕಿಳಿಯಲು ಕಡಿದಾದ ದಾರಿ, ತೋಡನ್ನು ದಾಟಲು ಕಿರಿದಾದ ಸಂಕ. ಆಷಾಢದ ಮಳೆ ಹಿಡಿದರೆ ಕುಮಾರಧಾರೆ, ಪಯಸ್ವಿನಿಗಳು ದಡ ಮೀರಿ ಹರಿಯುತ್ತವೆ. ವಾಹನ ನಿಂತಲ್ಲಿಂದ ಮುಂದಕ್ಕೆ ಸ್ಟ್ರೆಚರನ್ನು ಹೆಗಲಿನ ಬಲದಿಂದಲೇ ಒಯ್ಯಬೇಕು. ಪುತ್ತೂರಿನಲ್ಲಿ ಸರ್ಕಾರಿ ಆಸ್ಪತ್ರೆ, ಸುಳ್ಯದಲ್ಲಿ ವೈದ್ಯಕೀಯ ಕಾಲೇಜು ಇದ್ದರೂ ಕೆಲವು ರೋಗಿಗಳನ್ನು ಮಂಗಳೂರಿಗೇ ಕೊಂಡೊಯ್ಯಬೇಕಾಗುತ್ತದೆ. ಪುತ್ತೂರಿನಿಂದ ಅದು ಸುಮಾರು 50 ಕಿಲೋಮೀಟರ್. ಸುಳ್ಯದಿಂದ 80ಕ್ಕೂ ಹೆಚ್ಚು. ಆ ದೂರವಷ್ಟೂ ಒಬ್ಬನ ಜಾಗರೂಕತೆಯನ್ನೇ ನಂಬಿರುತ್ತದೆ.

ಆತನ ವಿದ್ಯೆಯನ್ನು ಕಿರಿದೆಂದು ಭಾವಿಸಬಾರದು. ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿದವನು ಅಡಿಕೆಮರದಿಂದ ಬಿದ್ದನೆನ್ನೋಣ. ಸುತ್ತ ನೆರೆದವರು ಪ್ರೀತಿಯಿಂದಲೇ ಕೈಕಾಲು ಹಿಡಿದೆತ್ತಲು ಧಾವಿಸುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ ಆ ಪ್ರೀತಿಯೇ ಅವನನ್ನು ಜೀವನಪರ್ಯಂತ ಹಾಸಿಗೆಗೆ ಕೆಡಹಬಹುದು. ಕುತ್ತಿಗೆಯನ್ನು ಅಲುಗಿಸದೆ ಹಲಗೆಯ ಮೇಲೆ ಮಲಗಿಸಬಲ್ಲವನು ಆಗ ಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಂಗವನ್ನು ಅಲುಗಾಡಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಬೇಗನೆ ಸೇರಿಸಬೇಕು. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ ಹಾವಿನ ಕಡಿತದಿಂದ ಮಡಿದರೆಂಬ ಅಂದಾಜನ್ನು ನೆನೆದರೆ ಈ ತಿಳಿವಿನ ಬೆಲೆ ಅರಿವಾಗುತ್ತದೆ. ಹೃದಯ ನಿಂತವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ರಕ್ತ ದೊರೆಯದ ಮಿದುಳು ಕೆಲವೇ ನಿಮಿಷಗಳಲ್ಲಿ ಕೆಡತೊಡಗುವುದರಿಂದ ಅಲ್ಲಿ ಎರಡನೆಯ ಅವಕಾಶವಿಲ್ಲ.

ಗಾಯಾಳುವಿನ ಬಳಿಗೆ ಚಿಕಿತ್ಸೆಯೇ ಹೋಗಬೇಕೆಂಬ ವಿಚಾರ ಹೊಸತಲ್ಲ. 1790ರ ದಶಕದಲ್ಲಿ ಫ್ರೆಂಚ್ ಸೈನ್ಯದ ಶಸ್ತ್ರವೈದ್ಯನಾದ ಡೊಮಿನಿಕ್ ಲ್ಯಾರಿ ಹಗುರವಾದ ಕುದುರೆಗಾಡಿಗಳನ್ನು ರಣರಂಗಕ್ಕೇ ಕಳುಹಿಸಿ, ಪದವಿಯನ್ನು ಲೆಕ್ಕಿಸದೆ ಗಾಯದ ತೀವ್ರತೆಯನ್ನೇ ನೋಡಿ ಉಪಚರಿಸುವ ಪದ್ಧತಿಯನ್ನು ತಂದನು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1967ರಲ್ಲಿ ಆರಂಭವಾದ ಫ್ರೀಡಂ ಹೌಸ್ ಎಂಬ ಸೇವೆಯು ಬಡ ಕಪ್ಪು ಜನರ ಬಡಾವಣೆಯ ಯುವಕರಿಗೆ ಉನ್ನತ ತರಬೇತಿ ನೀಡಿ ಆಂಬುಲೆನ್ಸುಗಳಲ್ಲಿ ನೇಮಿಸಿತು. ಅವರ ಕಾರ್ಯ ಇತರರಿಗೆ ಮಾದರಿಯಾಯಿತು. ಆದರೆ 1975ರಲ್ಲಿ ನಗರಾಡಳಿತ ತನ್ನದೇ ಸೇವೆಯನ್ನು ಆರಂಭಿಸಿದಾಗ ಆ ಮೊದಲಿಗರಲ್ಲಿ ಹಲವರು ಬದಿಗೆ ಸರಿಸಲ್ಪಟ್ಟರು. ಸೇವೆಯನ್ನು ಮೆಚ್ಚಿಕೊಂಡ ಸಮಾಜ ಸೇವಕನನ್ನು ಮರೆಯಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾದ ‘ಆರೋಗ್ಯ ಕವಚ’ದ 108 ಎಂಬ ಸಂಖ್ಯೆ ಇಂದು ಮಕ್ಕಳಿಗೂ ಬಾಯಿಪಾಠವಾಗಿದೆ. ಕರೆಗೆ ಓಗೊಟ್ಟು ಬಂದವನ ಹೆಸರನ್ನು ಕೇಳಿ ತಿಳಿದವರೆಷ್ಟು ಮಂದಿ?

ಆತನಿಗೂ ಒಂದು ಮನೆಯಿದೆ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆ, ಸುಬ್ರಹ್ಮಣ್ಯದ ಚಂಪಾಷಷ್ಠಿಗಳಲ್ಲಿ ಊರೆಲ್ಲ ಮಕ್ಕಳ ಕೈಹಿಡಿದು ತೇರು ನೋಡುವಾಗ ಆತ ಜನಸಂದಣಿಯ ಅಂಚಿನಲ್ಲಿ ವಾಹನದ ಬಳಿ ಕಾದಿರುತ್ತಾನೆ. ಈ ವೃತ್ತಿಯಲ್ಲಿ ಹನ್ನೆರಡು ಗಂಟೆಗಳ ಪಾಳಿ ಅಪರೂಪವಲ್ಲ. ಅನ್ಯರ ತಾಯಿಯನ್ನು ಆಸ್ಪತ್ರೆಗೆ ಒಯ್ಯುವ ಹೊತ್ತಿನಲ್ಲಿ ತನ್ನ ತಾಯಿಯ ಜ್ವರವನ್ನು ಹೆಂಡತಿಗೆ ಒಪ್ಪಿಸಿ ಬಂದಿರುತ್ತಾನೆ. ಆದುದರಿಂದ ನಾವು ‘ಅವನ ತ್ಯಾಗ’ ಎನ್ನುವುದರಲ್ಲಿ ಅರ್ಧ ಆ ಮನೆಯವರದು. ಅದೇ ವೃತ್ತಿಯಲ್ಲಿರುವ ಮಹಿಳೆಯರ ಪಾಲಿಗಂತೂ ಮನೆಯ ಪಾಳಿಯೂ ಕೂಡಿ ಭಾರ ಇಮ್ಮಡಿಯಾಗುತ್ತದೆ.

‘ಸೇವೆ ಮಾಡುವವನು ಪ್ರತಿಫಲವನ್ನು ಬಯಸಬಾರದು’ ಎಂದು ಕೆಲವರು ಹೇಳುವುದುಂಟು. ಈ ಮಾತು ಸೇವೆ ಮಾಡುವವನು ತನಗೆ ತಾನೇ ಹೇಳಿಕೊಂಡರೆ ಶೋಭಿಸುತ್ತದೆ. ಸೇವೆ ಪಡೆದವನು ಹೇಳಿದರೆ ಅದು ಸಾಲಗಾರನು ಸಾಲ ಕೊಟ್ಟವನಿಗೆ ವೈರಾಗ್ಯವನ್ನು ಬೋಧಿಸಿದಂತೆ. ನಿದ್ದೆಗೆಟ್ಟ ಕಣ್ಣು ತಪ್ಪು ಕಾಣುತ್ತದೆ. ಮನೆಯ ಖರ್ಚಿನ ಚಿಂತೆಯಲ್ಲಿರುವ ಮನಸ್ಸು ತಪ್ಪು ಎಣಿಸುತ್ತದೆ. ಹೀಗಾಗಿ ಆತನಿಗೆ ಕಾಲಕ್ಕೆ ಸರಿಯಾದ ವೇತನ, ಸಾಕಷ್ಟು ವಿಶ್ರಾಂತಿ ದೊರೆಯಬೇಕೆನ್ನುವುದು ದಯೆಯಲ್ಲ, ರೋಗಿಯ ಹಿತವೇ ಆಗಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೊಂದು ಈ ವೃತ್ತಿಯನ್ನು ಆರೋಗ್ಯಸೇವಾ ವೃತ್ತಿಗಳ ಸಾಲಿನಲ್ಲಿ ಸೇರಿಸಿತು. ಕಾಗದದ ಮೇಲಿನ ಮನ್ನಣೆ ಜೀವನದ ಮನ್ನಣೆಯೂ ಆಗಬೇಕು.

ಸರ್ಕಾರದ ಕರ್ತವ್ಯ ಒಂದಾದರೆ ನಮ್ಮ ಕರ್ತವ್ಯ ಇನ್ನೊಂದು. ಆಂಬುಲೆನ್ಸಿಗೆ ದಾರಿ ಬಿಡದವನಿಗೆ 2019ರ ತಿದ್ದುಪಡಿಯ ಮೇರೆಗೆ ಹತ್ತು ಸಾವಿರ ರೂಪಾಯಿ ದಂಡವಿದೆ. ದಂಡಕ್ಕಂಜದೆಯೂ ದಾರಿ ಬಿಡುವ ಮನಸ್ಸು ನಮ್ಮದಾಗಬೇಕು. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಸರ್ವೋಚ್ಚ ನ್ಯಾಯಾಲಯದ ಆದೇಶ 2016ರಲ್ಲೇ ಬಂದಿರುವುದರಿಂದ ಹಿಂಜರಿಕೆಗೆ ಕಾರಣವೂ ಇಲ್ಲ. ಕರೆ ಮಾಡಿದ ಮನೆಯಿಂದ ಒಬ್ಬನು ದೀಪ ಹಿಡಿದು ರಸ್ತೆಯ ತಿರುವಿನಲ್ಲಿ ನಿಂತರೆ ಸಾಕು, ಅಮೂಲ್ಯವಾದ ನಿಮಿಷಗಳು ಉಳಿಯುತ್ತವೆ.

ಆಪತ್ತಿಗಾದವನೇ ನೆಂಟನೆಂಬ ಮಾತು ನಿಜ. ಆದರೆ ನೆಂಟಸ್ತಿಕೆ ಒಂದೇ ಕಡೆಯಿಂದ ನಡೆಯುವುದಿಲ್ಲ. ನಮ್ಮ ಆಪತ್ತಿಗೆ ಬಂದವನ ಆಪತ್ತಿಗೆ ನಾವು ಆಗದಿದ್ದರೆ, ಆತ ನಮಗೆ ನೆಂಟನಾದಾನು. ನಾವು ಆತನಿಗೆ ಏನೂ ಆಗಲಾರೆವು.