ಹಾಲು – ಹಾಳು

ಕನ್ನಡ ಪಾಠ ಹೇಳುವವನಿಗೆ ಔಷಧದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವುಂಟು. ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಒಳ್ಳೆಯ ಕಬಡ್ಡಿ ಆಟಗಾರ. ಭುಜದ ನೋವಿನಿಂದ ಮೂರು ತಿಂಗಳಾಗಿ ಅಂಗಣಕ್ಕೆ ಇಳಿದಿಲ್ಲ. ಜೇಬಿನಿಂದ ಒಂದು ಪುಟ್ಟ ಸೀಸೆಯನ್ನು ತೆಗೆದು ಮೇಜಿನ ಮೇಲಿಟ್ಟ. ಅದರ ಮೇಲೆ 'ಬಿಪಿಸಿ–157' ಎಂಬ ಹೆಸರು. ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂಬರ್ಥದ ಇಂಗ್ಲಿಷ್ ಒಕ್ಕಣೆ.

"ನಾಳೆಯಿಂದ ಚುಚ್ಚಿಕೊಳ್ಳಬೇಕೆಂದಿದ್ದೇನೆ, ಸಾರ್. ಇದು ಪೆಪ್ಟೈಡು. ನಮ್ಮಮ್ಮ ಹತ್ತು ವರ್ಷದಿಂದ ತೆಗೆದುಕೊಳ್ಳುತ್ತಿರುವ ಇನ್ಸುಲಿನ್ನೂ ಪೆಪ್ಟೈಡೇ. ಹೆದರುವುದೇಕೆ?" ಎಂದ.

ಮೇಲ್ನೋಟಕ್ಕೆ ಅವನ ತರ್ಕ ಸರಿಯೇ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳೆಂಬ ಅಕ್ಷರಗಳನ್ನು ಜೋಡಿಸಿದ ಪದವೆನ್ನಬಹುದು. ಇನ್ಸುಲಿನ್ನಿನಲ್ಲಿ ಅಂಥ ಅಕ್ಷರಗಳು 51. ಈ ಸೀಸೆಯದರಲ್ಲಿ 15. ಹೆರಿಗೆಯಲ್ಲಿ ಕೊಡುವ ಆಕ್ಸಿಟೋಸಿನ್ನಿನಲ್ಲಿ 9. ಆದರೆ 'ಹಾಲು', 'ಹಾಳು' ಎರಡೂ ಒಂದೇ ವರ್ಣಮಾಲೆಯ ಪದಗಳಲ್ಲವೆ? ಆಕ್ಸಿಟೋಸಿನ್ ಗರ್ಭಕೋಶವನ್ನು ಸಂಕುಚಿಸಿ ಹೆರಿಗೆಯ ಅನಂತರದ ರಕ್ತಸ್ರಾವವನ್ನು ತಡೆಯುತ್ತದೆ. ಅದರ 9 ಅಕ್ಷರಗಳಲ್ಲಿ 2 ಮಾತ್ರ ಬೇರೆಯಾದರೆ ವ್ಯಾಸೋಪ್ರೆಸಿನ್. ಅದರ ಮುಖ್ಯ ಕೆಲಸ ಮೂತ್ರವನ್ನು ತಗ್ಗಿಸಿ ದೇಹದಲ್ಲಿ ನೀರನ್ನು ಉಳಿಸುವುದು.

ಪದಾರ್ಥ ಒಂದೇ ಆದರೂ ಸಾಲದು. 1922ರ ಜನವರಿ 11ರಂದು ಕೆನಡಾದ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಮಧುಮೇಹಿ ಬಾಲಕನಿಗೆ ಇನ್ಸುಲಿನ್ ಚುಚ್ಚಿದರು. ಹೆಚ್ಚಿನ ಗುಣ ಕಾಣಲಿಲ್ಲ. ಚುಚ್ಚಿದೆಡೆ ಬಾವು ಎದ್ದಿತು. ಕೊಲಿಪ್ ಎಂಬ ರಸಾಯನ ವಿಜ್ಞಾನಿ ಅದನ್ನು ಶುದ್ಧಿಗೊಳಿಸಿದ ಮೇಲೆ 23ರಂದು ಮತ್ತೆ ಕೊಟ್ಟರು. ರಕ್ತದ ಸಕ್ಕರೆ ಇಳಿಯಿತು. ಹುಡುಗ ಮತ್ತೆ 13 ವರ್ಷ ಬದುಕಿದ. ಎರಡು ಚುಚ್ಚುಗಳ ನಡುವೆ ಬದಲಾದದ್ದು ಹೆಸರಲ್ಲ, ಶುದ್ಧಿ.

ಶುದ್ಧವಾದ ಔಷಧವನ್ನೂ ಉದ್ದೇಶಕ್ಕೆ ತಕ್ಕಂತೆ ಪರೀಕ್ಷಿಸುತ್ತಾರೆ. ಸೆಮಾಗ್ಲುಟೈಡ್ ಎಂಬ ಪೆಪ್ಟೈಡಿಗೆ ಅಮೆರಿಕದಲ್ಲಿ 2017ರಲ್ಲಿ ಮಧುಮೇಹಕ್ಕೆಂದು ಅನುಮತಿ ದೊರೆಯಿತು. ಅದನ್ನೇ ತೂಕ ಇಳಿಸಲು ಕೊಡಬೇಕೆಂದಾಗ ಮತ್ತೆ ಪ್ರಯೋಗಗಳು ನಡೆದು, 2021ರಲ್ಲಿ ಬೇರೆ ಪ್ರಮಾಣದಲ್ಲಿ ಬೇರೆಯೇ ಅನುಮತಿ ಬಂದಿತು.

ಕಟ್ಟುಪಾಡು ಹಾಕುವುದೂ ಸುಲಭದ ಮಾತಲ್ಲ. ನಮ್ಮಲ್ಲಿ ಹಸು ಎಮ್ಮೆಗಳು ಬೇಗ ಹಾಲಿಳಿಸಲೆಂದು ಆಕ್ಸಿಟೋಸಿನ್ ಚುಚ್ಚುವ ದುರಭ್ಯಾಸವಿತ್ತೆಂದು ಕೇಂದ್ರ ಸರ್ಕಾರ 2018ರಲ್ಲಿ ದೇಶದ ಬಳಕೆಗೆ ಅದನ್ನು ಖಾಸಗಿಯವರು ತಯಾರಿಸಬಾರದೆಂದು ಆಜ್ಞೆ ಮಾಡಿತು. ಇಡೀ ದೇಶದ ಹೊಣೆ ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಮೇಲೆ ಬೀಳಲಿತ್ತು. ಬಾಣಂತಿಯರಿಗೆ ಔಷಧ ದೊರೆಯದೆ ಹೋದೀತೆಂಬ ಆತಂಕ ಎದ್ದಿತು. ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಒಂದು ಔಷಧದ ವಿಷಯದಲ್ಲಿ ಎಷ್ಟು ಜನ ಎಷ್ಟು ಯೋಚಿಸಬೇಕಾಯಿತು ನೋಡಿ!

ನಮ್ಮ ಹುಡುಗನ ಸೀಸೆಗೆ ಈ ಯಾವ ಭಾಗ್ಯವೂ ಇಲ್ಲ. ಅದರ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ಇಲಿಗಳಂಥ ಪ್ರಾಣಿಗಳ ಮೇಲೆ. 2022ರಿಂದ ವಿಶ್ವ ಉದ್ದೀಪನ ಮದ್ದು ತಡೆ ಘಟಕ ಅದನ್ನು ನಿಷೇಧಿತ ಪಟ್ಟಿಗೆ ಸೇರಿಸಿದೆ. ಭುಜ ವಾಸಿಯಾದರೂ ಆಟ ಕೈತಪ್ಪಬಹುದು.

ಇಷ್ಟನ್ನೂ ಅವನಿಗೆ ಹೇಳಿದೆ. "ಅಮ್ಮನ ಸೀಸೆಯಲ್ಲಿ ಏನಿದೆ, ಎಷ್ಟಿದೆ ಎಂಬುದಕ್ಕೆ ಹೊಣೆಗಾರರಿದ್ದಾರೆ. ಇದಕ್ಕೆ ಯಾರಪ್ಪ ಹೊಣೆ?" ಎಂದೆ.

ಅವನು ಮಾತಾಡದೆ ಸೀಸೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ನನ್ನ ಎದೆ ಧಸಕ್ಕೆಂದಿತು. ಬಾಗಿಲವರೆಗೆ ಹೋದವನು ತಿರುಗಿ ನಿಂತು, "ಅಮ್ಮನ ಡಾಕ್ಟರಿಗೆ ಭುಜ ತೋರಿಸುತ್ತೇನೆ, ಸಾರ್, ಇದನ್ನೂ ತೋರಿಸುತ್ತೇನೆ. ಅಲ್ಲಿಯವರೆಗೆ ಮುಟ್ಟುವುದಿಲ್ಲ" ಎಂದ.