ಎರಡು ಲೀಟರ್ ಇಂಜಿನ್, ಎರಡೂವರೆ ಟನ್ ಗಾಡಿ: ಆಗತ್ತಾ, ಆಗಲ್ವಾ?

1/6

ಫೋಟೋದಲ್ಲಿರೋದು ನಮ್ಮ ಮಾವನ ತೋಟಕ್ಕೆ ಹೋಗೋ ರೋಡು. ರೋಡು ಅಂತ ಕರೆಯೋದು ನಮ್ಮ ಅಭಿಮಾನ ಅಷ್ಟೆ. ಸಕಲೇಶಪುರದಿಂದ ಹೆತ್ತೂರು ಕಡೆ ಹೋಗ್ತಾ ಟಾರು ಬಿಟ್ಟು ಒಳಗೆ ಎರಡು ಕಿಲೋಮೀಟರ್. ಕೆಂಪು ಮಣ್ಣು, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಎದೆಗೆ ಬರೋ ಏರು.

ಹೋದ ವರ್ಷ ಜುಲೈನಲ್ಲಿ, ರಾತ್ರಿ ಹನ್ನೊಂದು ಗಂಟೆಗೆ ಅಜ್ಜಿಗೆ ಉಸಿರಾಡೋಕೆ ಕಷ್ಟ ಆಗೋಕೆ ಶುರುವಾಯ್ತು. ಮನೇಲಿದ್ದ ಕಾರಲ್ಲಿ ಕೂರಿಸ್ಕೊಂಡು ಹೊರಟ್ವಿ. ಹಳ್ಳ ಹೇಗೋ ದಾಟ್ತು. ಏರಲ್ಲಿ ಅರ್ಧಕ್ಕೆ ನಿಂತ್ಕೊಳ್ತು. ಚಕ್ರ ಗಿರಗಿರ ತಿರುಗ್ತಿದೆ, ಗಾಡಿ ಮಾತ್ರ ಹಿಂದಕ್ಕೆ ಜಾರ್ತಿದೆ. ನಾನು ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡ್ತಾ ಇದ್ದೆ, ಮಳೇಲಿ ಏನೂ ಕಾಣ್ತಿರ್ಲಿಲ್ಲ. ಕೊನೆಗೆ ಪಕ್ಕದ ತೋಟದವರು ತಮ್ಮ ಹಳೇ ಜೀಪು ತಂದ್ರು. ಅಜ್ಜೀನ ಎತ್ತಿ ಅದಕ್ಕೆ ಕೂರಿಸಿದ್ವಿ. ಆ ಜೀಪು ಒಂದು ಚೂರೂ ಅವಸರ ಮಾಡದೆ, ನಡ್ಕೊಂಡು ಹೋದ ಹಾಗೆ ಹತ್ತಿ ಹೋಯ್ತು.

ಅಜ್ಜಿ ಈಗ ಆರಾಮಾಗಿದಾರೆ. ನನಗೆ ಬೈಯೋ ಅಷ್ಟು ಆರಾಮು.

ಈ ಸಲ ಕಾಫಿ, ಮೆಣಸಿನ ರೇಟು ಕೈ ಹಿಡಿದಿದೆ. ಮಾವ ದೊಡ್ಡ ಫೋರ್ ಬೈ ಫೋರ್ ತಗೋಳ್ಳೋದು ಅಂತ ಗಟ್ಟಿ ಮಾಡಿದಾರೆ. ಹೊಸದಕ್ಕೆ ದುಡ್ಡು ಸಾಲಲ್ಲ, ಸೆಕೆಂಡ್ ಹ್ಯಾಂಡು. ಬ್ರೋಕರ್ ಎರಡು ಗಾಡಿ ತೋರಿಸಿದಾನೆ. ಎರಡೂ ಫೋರ್ಡ್ ಎಂಡೀವರ್, ಎರಡೂ 4x4. ಒಂದು ಹಳೇದು, 3.2 ಲೀಟರ್ ಇಂಜಿನ್. ಇನ್ನೊಂದು 2020ರ ನಂತರದ್ದು, 2.0 ಲೀಟರ್. ಹೊಸದು ಜಾಸ್ತಿ ದುಡ್ಡು, ಇಂಜಿನ್ ಮಾತ್ರ ಚಿಕ್ಕದು. ಮಾವನ ತಲೆಗೆ ಇದೇ ಹೋಗ್ತಿಲ್ಲ.

"ಎರಡು ಲೀಟರ್ ಅಂದ್ರೆ ಕೂಲ್‌ಡ್ರಿಂಕ್ಸ್ ಬಾಟ್ಲು ಕಣೋ. ಅದು ಈ ಗಾಡಿ ಎಳೀತದಾ? ನೀನು ಬಿಕಾಂ ಅಲ್ವಾ, ಲೆಕ್ಕ ಹಾಕಿ ಹೇಳು."

ಹಾಕಿದೀನಿ ಮಾವ. ಕ್ಲಾಸಲ್ಲಿ ಕಾಸ್ಟ್ ಅಕೌಂಟಿಂಗ್‌ಗೂ ಇಷ್ಟು ಕಷ್ಟಪಟ್ಟಿಲ್ಲ. ಕಾಮೆಂಟಲ್ಲಿ "3.2 ಈಸ್ ಕಿಂಗ್" ಅಂತ ಬರೆಯೋಕೆ ಕೈ ತುರಿಸ್ತಿರೋರು ದಯವಿಟ್ಟು ಆರನೇ ಪೋಸ್ಟ್ ತನಕ ಓದಿ ಆಮೇಲೆ ಬೈರಿ.

2/6

ಮೊದಲು ನಂಬರ್ ನೋಡೋಣ.

ಹಳೇದು: 3198 ಸಿಸಿ, ಐದು ಸಿಲಿಂಡರ್, 200 ಪಿಎಸ್ ಪವರ್, 470 ಎನ್‌ಎಂ ಟಾರ್ಕ್, 6 ಗೇರಿನ ಆಟೋಮ್ಯಾಟಿಕ್.
ಹೊಸದು: 1996 ಸಿಸಿ, ನಾಲ್ಕು ಸಿಲಿಂಡರ್, 170 ಪಿಎಸ್, 420 ಎನ್‌ಎಂ, 10 ಗೇರಿನ ಆಟೋಮ್ಯಾಟಿಕ್.

ಇಂಜಿನ್ ಸೈಜು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿದೆ. ಟಾರ್ಕ್ ಇಳಿದಿರೋದು ನೂರಕ್ಕೆ ಹನ್ನೊಂದೂ ಇಲ್ಲ. ಇದು ಹೇಗೆ ಅಂದ್ರೆ ಟರ್ಬೋ. ಡೀಸೆಲ್ ಇಂಜಿನ್‌ಗೆ ಶಕ್ತಿ ಬರೋದು ಎಷ್ಟು ಗಾಳಿ ಒಳಗೆ ಹೋಗತ್ತೆ ಅನ್ನೋದರ ಮೇಲೆ. ಗಾಳಿ ಇದ್ದಷ್ಟು ಡೀಸೆಲ್ ಸುಡಬಹುದು. ಹೊರಗೆ ಹೋಗೋ ಹೊಗೆ ಒಂದು ಚಕ್ರ ತಿರುಗಿಸತ್ತೆ, ಆ ಚಕ್ರ ಇನ್ನೊಂದನ್ನ ತಿರುಗಿಸಿ ಗಾಳೀನ ಒತ್ತಿ ಒಳಗೆ ತುಂಬತ್ತೆ. ಎರಡು ಲೀಟರ್ ಜಾಗದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಗಾಳಿ. ಬಾಟ್ಲು ಚಿಕ್ಕದೇ ಮಾವ, ಆದ್ರೆ ಒಳಗೆ ಪ್ರೆಷರ್ ಇದೆ.

ಈಗ ಗೇರು. ಇಲ್ಲಿ ನನಗೇ ಆಶ್ಚರ್ಯ ಆಯ್ತು. 6 ಗೇರಿನ ಬಾಕ್ಸಲ್ಲಿ ಫಸ್ಟ್ ಗೇರ್ ರೇಶಿಯೋ 4.17. 10 ಗೇರಿನದ್ದರಲ್ಲಿ 4.70ರ ಹತ್ತಿರ. ಗುಣಿಸಿ ನೋಡಿ:

470 x 4.17 = 1960
420 x 4.70 = 1974

ಅಂದ್ರೆ ಫಸ್ಟ್ ಗೇರಲ್ಲಿ ಗೇರ್‌ಬಾಕ್ಸಿಂದ ಆಚೆ ಬರೋ ಹೊತ್ತಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಆಕ್ಸಲ್ ರೇಶಿಯೋ ಇದರಲ್ಲಿ ಸೇರಿಸಿಲ್ಲ, ನಷ್ಟಾನೂ ಸೇರಿಸಿಲ್ಲ, ಮೆಕ್ಯಾನಿಕಲ್ ಓದ್ತಿರೋ ದೋಸ್ತ್‌ಗಳು ಕ್ಷಮಿಸಿ. ನಾನು ಹೇಳೋಕೆ ಹೊರಟಿರೋದು ಇಷ್ಟೇ: ಇಂಜಿನ್ ಕಳ್ಕೊಂಡಿದ್ದನ್ನ ಗೇರು ತುಂಬಿಕೊಟ್ಟಿದೆ. ಇದರ ಮೇಲೆ 4ಎಲ್ ಹಾಕಿದ್ರೆ ಇನ್ನೂ ಎರಡೂವರೆ ಪಟ್ಟಿಗಿಂತ ಜಾಸ್ತಿ.

3/6

ಆ ರಾತ್ರಿ ಬಂದಿತ್ತಲ್ಲ ಜೀಪು, ಅದು ಹಳೇ ಮಹೀಂದ್ರ ಎಂಡಿಐ. 2.5 ಲೀಟರ್ ಡೀಸೆಲ್, 60ರ ಆಸುಪಾಸು ಎಚ್‌ಪಿ. ನಮ್ಮ ಕ್ಲಾಸ್‌ಮೇಟ್ಸ್ ಓಡಿಸೋ ಹ್ಯಾಚ್‌ಬ್ಯಾಕ್‌ಗಳಿಗೆ ಅದಕ್ಕಿಂತ ಜಾಸ್ತಿ ಇದೆ. ಕೊಡಚಾದ್ರಿಗೆ ಹೋದವರು ನೋಡಿರ್ತೀರಿ, ಹಿಂದೆ ಎಂಟು ಜನಾನ ತುಂಬ್ಕೊಂಡು ಆ ಕಲ್ಲು ರೋಡು ಹತ್ತೋ ಜೀಪುಗಳು ಎಷ್ಟು ಹಳೇವು ಅಂತ. ಮಂಡಲ್‌ಪಟ್ಟೀಲೂ ಇದೇ ಕಥೆ. ಪವರ್ ನೋಡಿ ಗಾಡಿ ತಗೋಳ್ಳೋ ಹಾಗಿದ್ರೆ ಇವು ಒಂದೂ ಬೆಟ್ಟದ ಬುಡ ಬಿಟ್ಟು ಕದಲಬಾರ್ದು.

ಹತ್ತೋಕೆ ಬೇಕಿರೋದು ಸ್ಪೀಡ್ ಅಲ್ಲ. ನಾಲ್ಕೂ ಚಕ್ರಕ್ಕೆ ಎಳೆತ ಬೇಕು, ಕಡಿಮೆ ಆರ್‌ಪಿಎಂನಲ್ಲೇ ಎಳೆಯೋ ಗುಣ ಬೇಕು, ಕೆಳಗೆ ಒಂದು ಲೋ ಗೇರ್ ಬೇಕು, ಒಳ್ಳೇ ಟಯರ್ ಬೇಕು. ನಮ್ಮ ಕಾರು ನಿಂತಿದ್ದು ಇಂಜಿನ್ ಸಣ್ಣದು ಅಂತಲ್ಲ. ಎರಡೇ ಚಕ್ರಕ್ಕೆ ಎಳೆತ ಇತ್ತು, ಅವೆರಡೂ ಕೆಸರಲ್ಲಿದ್ವು.

ಅದಕ್ಕೇ ನನ್ನ ಅಭಿಪ್ರಾಯ ಈಗಲೇ ಹೇಳಿಬಿಡ್ತೀನಿ: ಲೋ ಗೇರ್ ಇರೋ ಸಣ್ಣ ಟರ್ಬೋ ಡೀಸೆಲ್ಲು, ಲೋ ಗೇರ್ ಇಲ್ಲದ ದೊಡ್ಡ ಇಂಜಿನ್‌ಗಿಂತ ನಮ್ಮ ತೋಟಕ್ಕೆ ಸಾವಿರ ಪಾಲು ವಾಸಿ. ಬಾನೆಟ್ ಒಳಗೆ ಎಷ್ಟು ಲೀಟರ್ ಇದೆ ಅಂತ ಕೇಳೋರು, 4ಎಲ್ ಇದೆಯಾ ಅಂತ ಮೊದಲು ಕೇಳ್ಬೇಕು.

4/6

ಆದ್ರೆ ಸಣ್ಣ ಇಂಜಿನ್‌ಗೆ ಕಷ್ಟ ಇಲ್ವಾ? ಇದೆ. ಇಲ್ಲಿ ನಾನು ಪಾರ್ಟಿ ಬದಲಾಯಿಸ್ತಿದೀನಿ ಅನ್ಕೋಬೇಡಿ, ಇರೋದನ್ನ ಹೇಳ್ಬೇಕಲ್ಲ.

ಮೊದಲನೇದು, ಟರ್ಬೋ ಎದ್ದೇಳೋ ತನಕ ಎರಡು ಲೀಟರ್ ಇಂಜಿನ್ ಬರೀ ಎರಡು ಲೀಟರ್ ಇಂಜಿನ್. 420 ಎನ್‌ಎಂ ಪೂರ್ತಿ ಬರೋದು 2000 ಆರ್‌ಪಿಎಂಗೆ. 3.2ರಲ್ಲಿ 470 ಬರೋದು 1750ಕ್ಕೇ. ಬಿಸಿಲೆ ಘಾಟಿಯ ತಿರುವಲ್ಲಿ ಎದುರಿಗೆ ಗಾಡಿ ಬಂತು, ನಿಲ್ಲಿಸಿದ್ರಿ, ಏಳು ಜನ, ಲಗೇಜು, ಒಟ್ಟು ಮೂರು ಟನ್ ಹತ್ತಿರ. ಅಲ್ಲಿಂದ ಮತ್ತೆ ಹೊರಡುವಾಗ ಹೊಗೆ ಇಲ್ಲ, ಹೊಗೆ ಇಲ್ಲದೆ ಟರ್ಬೋ ಇಲ್ಲ. ಮ್ಯಾನ್ಯುಯಲ್ ಗಾಡಿ ಆಗಿದ್ರೆ ಕ್ಲಚ್ ವಾಸನೆ ಗ್ಯಾರಂಟಿ. ಇದು ಟಾರ್ಕ್ ಕನ್ವರ್ಟರ್ ಇರೋ ಆಟೋಮ್ಯಾಟಿಕ್. ನಿಂತ ಗಾಡಿ ಹೊರಡುವಾಗ ಅದು ಟಾರ್ಕನ್ನ ಸುಮಾರು ಎರಡು ಪಟ್ಟಿನ ತನಕ ಹೆಚ್ಚಿಸಿ ಕೊಡತ್ತೆ, ಇಂಜಿನ್ ಆರ್‌ಪಿಎಂ ಏರೋಕೂ ಬಿಡತ್ತೆ. ಅದರಿಂದ ಈ ಕೊರತೆ ಮುಚ್ಚಿಹೋಗತ್ತೆ. ಅದಕ್ಕೇ ಭಾರದ ಗಾಡಿಗೆ ಸಣ್ಣ ಡೀಸೆಲ್ ಜೊತೆ ಮ್ಯಾನ್ಯುಯಲ್ ಕೊಟ್ರೆ ನಾನು ಬೇಡ ಅಂತೀನಿ. ಆಟೋಮ್ಯಾಟಿಕ್ ಕೊಟ್ರೆ ಸರಿ.

ಎರಡನೇದು ಇಳಿಜಾರು. ಹತ್ತೋದನ್ನ ಎಲ್ರೂ ಕೇಳ್ತಾರೆ, ಇಳಿಯೋದನ್ನ ಯಾರೂ ಕೇಳಲ್ಲ. ಶಿರಾಡಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಕುಡಿದವರಿಗೆ ಗೊತ್ತು. ದೊಡ್ಡ ಇಂಜಿನ್ ಇಳಿಜಾರಲ್ಲಿ ಗಾಡೀನ ಹಿಡಿದು ನಿಲ್ಲಿಸೋದು ಜಾಸ್ತಿ, ಸಣ್ಣದು ಕಮ್ಮಿ. ಸಣ್ಣ ಇಂಜಿನ್ ಗಾಡೀಲಿ ಒಂದು ಗೇರ್ ಇನ್ನೂ ಕೆಳಗೆ ಹಾಕ್ಕೊಂಡೇ ಇಳೀಬೇಕು. 'ಡಿ'ಯಲ್ಲಿ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟು ಮಲಗೋ ನಮ್ಮ ಮಾವನ ಥರದವರಿಗೆ ಇದು ಅಭ್ಯಾಸ ಆಗ್ಬೇಕು.

ಮೂರನೇದು ಭಾರ. ದಿನಾ ಟ್ರೇಲರ್ ಕಟ್ಟಿ ಎಳೆಯೋದಾದ್ರೆ, ಗಂಟೆಗಟ್ಟಲೆ ಪೂರ್ತಿ ಬೂಸ್ಟಲ್ಲಿ ದುಡಿಸೋದಾದ್ರೆ, ದೊಡ್ಡ ಇಂಜಿನ್ನೇ ತಗೊಳ್ಳಿ. ಅದೇ ಕೆಲಸಕ್ಕೆ ಚಿಕ್ಕದು ತನ್ನ ಮಿತಿ ಹತ್ತಿರ ದುಡಿಯತ್ತೆ, ಬಿಸಿ ಜಾಸ್ತಿ, ಸವೆತ ಜಾಸ್ತಿ. ಲ್ಯಾಂಡ್ ರೋವರ್ ಡಿಫೆಂಡರ್ 110 ಕಥೆ ಕೇಳಿ. 2020ರಲ್ಲಿ ಬ್ರಿಟನ್ನಲ್ಲಿ ಅದನ್ನ 2.0 ಲೀಟರ್ ಡೀಸೆಲ್ ಹಾಕಿ ಬಿಟ್ರು, 430 ಎನ್‌ಎಂ. ಮುಂದಿನ ಮಾಡೆಲ್ ಇಯರ್‌ಗೇ ತೆಗೆದು 3.0 ಲೀಟರ್ ಆರು ಸಿಲಿಂಡರ್ ಹಾಕಿದ್ರು. ಡಿ200 ಅನ್ನೋ ಹೆಸರೂ ಅದೇ, 200 ಪಿಎಸ್ಸೂ ಅದೇ, ಟಾರ್ಕ್ ಮಾತ್ರ 500. ಹಾಗಾಗಿ ಚಿಕ್ಕದೇ ಯಾವಾಗ್ಲೂ ಗೆಲ್ಲತ್ತೆ ಅಂತ ನಾನು ಹೇಳಲ್ಲ. ಆದ್ರೆ ನಮ್ಮ ಮಾವ ಟ್ರೇಲರ್ ಎಳೆಯಲ್ಲ. ಕಾಫಿ ಮೂಟೆಗೆ ಪಿಕಪ್ ಇದೆ.

5/6

ಇದು ಬಿಕಾಂನೋರಿಗೆ. ಬೇರೆಯವರು ಸ್ಕಿಪ್ ಮಾಡಬಹುದು, ಆದ್ರೆ ಮಾಡಬೇಡಿ.

ನಮ್ಮ ದೇಶದಲ್ಲಿ ಇಂಜಿನ್ ಸೈಜನ್ನ ಎಷ್ಟೋ ಸಲ ಇಂಜಿನಿಯರ್ ಅಲ್ಲ, ಕಾನೂನು ತೀರ್ಮಾನ ಮಾಡಿದೆ. 2015ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ಸುತ್ತಮುತ್ತ 2000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ರಿಜಿಸ್ಟ್ರೇಷನ್ ನಿಲ್ಲಿಸ್ತು. ಮುಂದಿನ ತಿಂಗಳೇ ಮಹೀಂದ್ರದವರು ಸ್ಕಾರ್ಪಿಯೋಗೂ ಎಕ್ಸ್‌ಯುವಿ500ಗೂ 1.99 ಲೀಟರ್ ಇಂಜಿನ್ ತಂದ್ರು. ಪವರ್ ಇಳಿಸಿರ್ಲಿಲ್ಲ! 2016ರ ಆಗಸ್ಟಲ್ಲಿ ಶೇ. 1 ಸೆಸ್ ಕಟ್ಟಿ ಅಂತ ನಿಷೇಧ ತೆಗೆದ್ರು.

ಥಾರ್ ನೋಡಿ. 2023ರಲ್ಲಿ 1497 ಸಿಸಿ ಡೀಸೆಲ್ ಥಾರ್ ಬಂತು, 117 ಎಚ್‌ಪಿ, 300 ಎನ್‌ಎಂ. 2.2 ಲೀಟರಿನದ್ದು 130 ಎಚ್‌ಪಿ, ಟಾರ್ಕ್ ಅದೇ 300. ಯಾಕೆ ಬೇಕಿತ್ತು 1.5? ಗಾಡಿ 4 ಮೀಟರ್ ಒಳಗಿದ್ದು ಡೀಸೆಲ್ ಇಂಜಿನ್ 1500 ಸಿಸಿ ದಾಟದಿದ್ರೆ ಆಗ ಜಿಎಸ್‌ಟಿ, ಸೆಸ್ ಸೇರಿ ಶೇ. 31. ದಾಟಿದ್ರೆ ಐವತ್ತರ ಹತ್ತಿರ. 2025ರ ಸೆಪ್ಟೆಂಬರ್ 22ರಿಂದ ಅದು 18 ಮತ್ತು 40 ಆಗಿದೆ. ಆದ್ರೆ ಆ 1.5 ಥಾರ್ ಬಂದಿದ್ದು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ ಇಟ್ಕೊಂಡು. ಮುಖ ಥಾರ್‌ದು, ನಮ್ಮ ಏರಲ್ಲಿ ಗತಿ ನಮ್ಮ ಕಾರಿಂದೇ. ರೀಲ್ಸ್‌ಗೆ ಸಾಕು ಬಿಡಿ.

ಎಂಡೀವರ್ ಥರ 4.9 ಮೀಟರ್ ಉದ್ದದ ಗಾಡಿಗೆ ಈ ರಿಯಾಯ್ತಿ ಯಾವತ್ತೂ ಇರ್ಲಿಲ್ಲ. 2 ಲೀಟರ್ ಹಾಕಿದ್ರೂ ಅಷ್ಟೇ, 3.2 ಹಾಕಿದ್ರೂ ಅಷ್ಟೇ. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸೂ ಗಾಡಿ ಬೆಲೆ ಮೇಲೆ, ಸಿಸಿ ಮೇಲಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಬಂತು, ಹಳೇ ಇಂಜಿನ್‌ಗಳನ್ನ ಅದಕ್ಕೆ ತಕ್ಕಂತೆ ಬದಲಾಯಿಸ್ಬೇಕಿತ್ತು. ಕಂಪನಿ 2.2, 3.2 ಎರಡನ್ನೂ ಕೈಬಿಟ್ಟು ಒಂದೇ 2.0ಗೆ ಬಂತು. ಅಂದ್ರೆ ಮಾವ, "ಟ್ಯಾಕ್ಸ್ ಉಳಿಸೋಕೆ ಚಿಕ್ಕ ಇಂಜಿನ್ ಹಾಕಿ ನಮಗೆ ಟೋಪಿ ಹಾಕಿದಾರೆ" ಅನ್ನೋ ನಿಮ್ಮ ವಾದ ಥಾರ್ ವಿಷಯದಲ್ಲಿ ಸ್ವಲ್ಪ ನಿಜ, ಇಲ್ಲಿ ಅಲ್ಲ.

6/6

ಬಿಎಸ್6 ಅಂದ್ನಲ್ಲ, ಖರೀದಿಗೆ ಮುಂಚೆ ನಿಜವಾಗ್ಲೂ ತಲೆ ಕೆಡಿಸ್ಕೋಬೇಕಾಗಿರೋದು ಇದಕ್ಕೆ. ಬಿಎಸ್6 ಡೀಸೆಲ್ ಗಾಡೀಲಿ ಹೊಗೆ ಕೊಳವೇಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರತ್ತೆ. ಮಸಿ ಅದರಲ್ಲಿ ಕೂರತ್ತೆ. ಅದನ್ನ ಸುಡೋಕೆ ಹೊಗೆ ಚೆನ್ನಾಗಿ ಕಾಯಬೇಕು, ಅಂದ್ರೆ ಹೈವೇಲಿ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು. ತೋಟದೊಳಗೆ ಹದಿನೈದು ಕಿಲೋಮೀಟರ್ ಸ್ಪೀಡಲ್ಲಿ ಓಡಾಡಿ, ಕೆಲಸದೋರಿಗೆ ಕಾಫಿ ಕೊಟ್ಟು ವಾಪಸ್ ಬಂದು ಆಫ್ ಮಾಡಿದ್ರೆ ಸುಡೋ ಕೆಲಸ ಪ್ರತೀ ಸಲ ಅರ್ಧಕ್ಕೆ ನಿಲ್ಲತ್ತೆ, ಒಂದು ದಿನ ಲೈಟ್ ಬರತ್ತೆ. ನನ್ನ ಫ್ರೆಂಡ್ ಒಬ್ಬನ ಮನೇಲಿ ಹೀಗೇ ಆಗಿ ಗಾಡಿ ಗ್ಯಾರೇಜಲ್ಲಿ ಕೂತಿತ್ತು. ಇದು ಇಂಜಿನ್ ಚಿಕ್ಕದಾದ ತಪ್ಪಲ್ಲ. ಚಿಕ್ಕ ಇಂಜಿನ್ ಬೇಗ ಕಾಯತ್ತೆ, ಒಂದು ರೀತೀಲಿ ಅದಕ್ಕೇ ಅನುಕೂಲ. ಆದ್ರೆ ವಾರಕ್ಕೊಂದು ಸಲ ಹಾಸನದ ತನಕ ಓಡಿಸ್ಲೇಬೇಕು. (ನಾನು ಹಾಸನದಲ್ಲೇ ಓದ್ತಿರೋದು. ವಾರಕ್ಕೊಂದು ಸಲ ನನ್ನ ಬಿಟ್ಟುಬರಬಹುದು. ಸುಮ್ನೆ ಹೇಳಿದೆ.)

ಇನ್ನೊಂದು, ಆ 2.0 ಇಂಜಿನ್ನಲ್ಲಿ ಟೈಮಿಂಗ್ ಬೆಲ್ಟು ಆಯಿಲ್ ಒಳಗೇ ಓಡತ್ತೆ. 3.2ರಲ್ಲಿ ಚೈನು. ಆಯಿಲ್ ಬದಲಾಯಿಸೋದನ್ನ "ಮುಂದಿನ ಕುಯ್ಲಾಗ್ಲಿ" ಅಂತ ತಳ್ಳೋ ಮನೆಗೆ ಚೈನೇ ಕ್ಷೇಮ. ಫೋರ್ಡ್ 2021ರಲ್ಲೇ ಇಲ್ಲಿ ಗಾಡಿ ಮಾಡೋದು ನಿಲ್ಲಿಸೋದಾಗಿ ಹೇಳ್ತು, ಹಾಗಾಗಿ ಸರ್ವಿಸ್ ರೆಕಾರ್ಡ್ ಇಲ್ಲದ ಗಾಡೀನ, ಅದು ಎಷ್ಟು ಲೀಟರಿಂದೇ ಆಗ್ಲಿ, ನಾನು ಮುಟ್ಟೋಕೆ ಬಿಡಲ್ಲ.

ಇಷ್ಟೆಲ್ಲ ಬರೆದಿದ್ದನ್ನ ಮಾವನಿಗೆ ಓದಿ ಹೇಳಿದೆ. 2.0 ತಗೊಳ್ಳಿ, ರೆಕಾರ್ಡ್ ಪೂರ್ತಿ ಇದ್ರೆ ಮಾತ್ರ, ಟಯರಿಗೆ ಬೇರೆ ದುಡ್ಡು ಇಟ್ಕೊಳ್ಳಿ ಅಂದೆ. ಪೂರ್ತಿ ಕೇಳಿದ್ರು. ಆಮೇಲೆ ಬ್ರೋಕರಿಗೆ ಫೋನ್ ಮಾಡಿ ಒಂದೇ ಮಾತು: "ಮಳೆ ಬರ್ಲಿ ಕಣಪ್ಪ. ಹಳ್ಳದ ಹತ್ರ ಗಾಡಿ ತಗೊಂಡು ಬಾ. ಏರಿನ ಮಧ್ಯ ನಿಲ್ಲಿಸಿ ಮತ್ತೆ ಹೊರಡಿಸಿ ತೋರ್ಸು, ಅಲ್ಲೇ ಅಡ್ವಾನ್ಸ್ ಕೊಡ್ತೀನಿ."

ಬ್ರೋಕರ್ ಇನ್ನೂ ಒಪ್ಪಿಲ್ಲ. ಅಜ್ಜಿ ಮಾತ್ರ ಅವತ್ತು ಮುಂದಿನ ಸೀಟಲ್ಲಿ ತಾನೇ ಕೂರೋದು ಅಂತ ಈಗಲೇ ಹೇಳಿಟ್ಟಿದಾರೆ.